ಹಳೇ ಬೇಕರಿ ಎದುರು

ಕ್ರಾಸ್ತಾ ಬರೆದಿಟ್ಟು ಹೋದದ್ದು ಇಷ್ಟೇ:
ಸ್ವಲ್ಪ ಕಾದು, ಎಂದಿನಂತೆ ಟೆಸ್ಟ್ ಓಡಿಸಿ.
ನಮಗೆ ಸಾಕಿತ್ತು.
ಬೇಕರಿ ಕೆಡವಿ ಆರು ವರ್ಷವಾದರೂ
'ಹಳೇ ಬೇಕರಿ ಎದುರು' ಅಂದರೆ
ರೂವಿಯಲ್ಲಿ ನಮ್ಮವರು ಯಾರೂ ದಾರಿ ತಪ್ಪುವುದಿಲ್ಲ.

ಈ ಎಐ ಏಜೆಂಟು ಆ ಬೇಕರಿಯ ಬನ್ನು ತಿಂದದ್ದಲ್ಲ.
ಮೊನ್ನೆ ರಾತ್ರಿ 'ಕ್ಲೀನ್' ಒತ್ತಿ
ಬಂದರಿನ ಕಂಟೇನರ್ ಪಟ್ಟಿಯನ್ನೇ ಗುಡಿಸಿ
ವಿನಯದಿಂದ ವರದಿ ಕೊಟ್ಟಿತು:
ಎಲ್ಲ ಪಾಸ್.

ತಪ್ಪು ಅದರದ್ದಲ್ಲ. ಬರೆಯುತ್ತ ಕೂತಿದ್ದೇನೆ:
ಮೂವತ್ತು ಸೆಕೆಂಡು ಕಾಯಿ.
ಕ್ಲೀನ್ ಎಂದರೆ ಅಳಿಸು; ಅಳಿಸಿದ್ದು ಮರಳಿ ಬಾರದು.
ಪಟ್ಟಿ ಖಾಲಿಯಿದ್ದರೆ
ಪಾಸ್ ಅನ್ನಬೇಡ,
ಕೇಳು.

ಹತ್ತೂವರೆಗೆ ಫೋನು. ಬಿರಿಯಾನಿ ತಂದ ಹುಡುಗ,
ಊರಿಗೆ ಹೊಸಬ.
"ಎಲ್ಲಿ ಬರಲಿ ಸಾರ್?"
"ಹಳೇ ಬೇಕರಿ ಎದುರು," ಅಂದುಬಿಟ್ಟೆ.

ಆ ಕಡೆ
ಬರೀ ಬೈಕಿನ ಸದ್ದು.