ಅರವತ್ಮೂರನೇ ನಂಬರು

ನಿನ್ನೆ ಇರುಳಿಡೀ ಈ ಊರಿನ ಹಿಮ ತಳ್ಳಿದವನು ನಾನು.
ಬಫಲೋ ನಗರಸಭೆಯ ಹಳದಿ ಲಾರಿ, ಮೂತಿಗೆ ಹನ್ನೊಂದು ಅಡಿ ಅಲಗು.
ತಳ್ಳಿದಷ್ಟೂ ಬೆಳಗಾಗುವುದರೊಳಗೆ ಮತ್ತೆ ಬಿದ್ದಿತ್ತು.
ಸರೋವರ ಅನ್ನುತ್ತಾರೆ ಅದನ್ನು, ಆಚೆ ದಡ ಕಾಣದ ಈರಿಯನ್ನು;
ಸಮುದ್ರ ಅಂದಿದ್ದರೆ ತುಸು ಮರ್ಯಾದೆಯಿಂದ ನಡಕೊಳ್ಳುತ್ತಿತ್ತೇನೋ.

ಮಧ್ಯಾಹ್ನ ಒಂದಕ್ಕೆ ಮೇಲಿನ ಅಂತಸ್ತು, ಸಾಲು ಇಪ್ಪತ್ತೆಂಟು.
ಅಲ್ಯೂಮಿನಿಯಂ ಬೆಂಚು ಒಂದೊಂದೇ ಮೂಳೆ ಎಣಿಸುತ್ತದೆ.
ಪಕ್ಕದಲ್ಲಿ ಬರ್ನಿಸ್ ಕುಚಾರ್ಸ್ಕಿ, ಶಾಲೆಯ ಅಡುಗೆಯಾಕೆ,
ಕಾಲಡಿಯ ರಟ್ಟನ್ನು ನನಗೂ ಅರ್ಧ ಸರಿಸುತ್ತಾಳೆ.
"ಚೆಂಡು ಯಾರ ಹತ್ತಿರ?"
ನನಗೇನು ಗೊತ್ತು. ನಾನು ಚೆಂಡು ನೋಡುವುದಿಲ್ಲ.

ನಾನು ನೋಡುವುದು ಅರವತ್ಮೂರನ್ನು. ಓಡೆಲ್ ಪ್ರೂಯಿಟ್.
ಮುನ್ನೂರ ಹದಿನೆಂಟು ಪೌಂಡು, ಎಡ ಮೊಣಕಾಲಿಗೆ ಪಟ್ಟಿ.
ಒಂಬತ್ತು ವರ್ಷದಲ್ಲಿ ಚೆಂಡು ಮುಟ್ಟಿದ್ದು ಒಮ್ಮೆ,
ಅದೂ ಯಾರೋ ಬೀಳಿಸಿದ್ದರ ಮೇಲೆ ಅಡ್ಡ ಬಿದ್ದು.
ಅವನ ಕೆಲಸ ತಳ್ಳುವುದು.
ಬಾಗಿ, ಮೂರು ಬೆರಳು ಹಿಮಕ್ಕೆ ಊರಿ,
ಎದುರಿನವನ ಎದೆಗೆ ಹೆಗಲು ಕೊಟ್ಟು
ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ.
ಆ ಸಂದಿನಲ್ಲಿ ಯಾವನೋ ನುಸುಳಿ ಓಡಿ ದೇವರಾಗುತ್ತಾನೆ,
ಕ್ಯಾಮೆರಾ ಅವನ ಬೆನ್ನಿಗೇ.
ಪ್ರೂಯಿಟ್ ಮಂಡಿಯೂರಿ ಏಳುತ್ತಾನೆ,
ಹೆಲ್ಮೆಟ್ಟಿನ ಜಾಲರಿಯಿಂದ ಹಿಮ ಕೀಳುತ್ತಾ.

ಕೊನೆಯ ನಿಮಿಷ. ಸರಪಳಿ ತಂದರು.
ಕಣ್ಣಂದಾಜಿಗೆ ಇಟ್ಟ ಚೆಂಡನ್ನು
ಅಂಗುಲದ ಲೆಕ್ಕದಲ್ಲಿ ಅಳೆಯುವ ಆ ಗಾಂಭೀರ್ಯ ನೋಡಬೇಕು!
ಒಂದು ಗೇಣು ಕಡಿಮೆ. ಉಳಿದದ್ದು ಒಂದೇ ಯತ್ನ.
ನಮ್ಮವರ ಕೈಲಿ ಚೆಂಡಿದ್ದಾಗ ನಾವು ಗದ್ದಲ ಮಾಡುವುದಿಲ್ಲ;
ಅರವತ್ತು ಸಾವಿರ ಜನ, ಹಿಮ ಬೀಳುವ ಸದ್ದು ಕೇಳಿಸಿತು.
ಆಗ, ಚೆಂಡು ನೆಲ ಬಿಡುವ ಮುನ್ನ,
ಅವನ ಹೆಗಲು ಮಿಸುಕಿತು.
ಇಷ್ಟೇ ಇಷ್ಟು. ನೊಣ ಕೂತ ಹಸುವಿನ ಚರ್ಮದ ಹಾಗೆ.

ಹಳದಿ ಬಟ್ಟೆ ಹಾರಿತು. ಐದು ಗಜ ಹಿಂದಕ್ಕೆ.
ಆ ದಿನ ಮೊದಲ ಸಲ ಸ್ಪೀಕರು ಅವನ ನಂಬರು ಕೂಗಿತು,
ಮೊದಲ ಸಲ ಊರಿಗೆ ಊರೇ ಅವನನ್ನು ನೋಡಿತು,
ನೋಡಿ, ಹೆತ್ತವಳನ್ನೂ ಬಿಡದೆ ಬೈಯಿತು.
ಮುಂದಿನ ಎಸೆತ ನೆಲ ಕಚ್ಚಿತು. ಮೂರು ಅಂಕದಿಂದ ಸೋತೆವು.

ನಾನು ಬೈಯಲಿಲ್ಲ ಅಂದರೆ ಸುಳ್ಳು.
ಬೈದೆ, ಬರ್ನಿಸ್ ಬೆಚ್ಚಿ ತಿರುಗುವಷ್ಟು ಜೋರಾಗಿ.
ಆಮೇಲೆ ಕೂತೆ.
ಅವಳು ರಟ್ಟು ಮಡಿಚುತ್ತಾ, ಮುಂದಿನ ಭಾನುವಾರ ಯಾರ ಮೇಲೆ, ಎಂದಳು.
ನನಗೆ ಎಂಟಕ್ಕೆ ಮತ್ತೆ ಪಾಳಿ.

ನಿನ್ನೆ, ಜಾವ ನಾಲ್ಕರ ಹೊತ್ತಿಗೆ, ತಿರುವಿನಲ್ಲಿ,
ರೆಪ್ಪೆ ಒಂದು ಕ್ಷಣ ಕೂಡಿ ಸ್ಟಿಯರಿಂಗು ಮಿಸುಕಿ
ಯಾರದೋ ಅಂಚೆ ಡಬ್ಬಿ ಹಿಮದ ಜೊತೆ ಹೋಯಿತು.
ಯಾರೂ ನೋಡಲಿಲ್ಲ.
ಮನೆ ನಂಬರು ಹೇಳಲಾರೆ.