ಹನ್ನೆರಡು ಅಡಿ

ಕೊಳ ಬರಿದಾಗಲು ಎರಡು ದಿನ, ಮೇಲೆ ಮೂರು ಗಂಟೆ ಹಿಡಿಯಿತು.
ವಾಲ್ವ್ ತಿರುಗಿಸಿದವನು ನಾನೇ,
ಇಪ್ಪತ್ತಾರು ವರ್ಷ ಈ ಶಾಲೆಯ ಬಾಯ್ಲರ್ ಕಾದವನು,
ಕೂಸಿನ ಹಣೆ ಮುಟ್ಟಿ ನೋಡುವಂತೆ
ದಿನಾ ಬೆಳಗ್ಗೆ ನೀರಿಗೆ ಅಂಗೈ ಇಟ್ಟು ನೋಡಿದವನು.
ಕೊನೆಯ ನೀರು ಇಳಿಯುವಾಗ ಒಂದು ಸದ್ದು ಬಂತು,
ಮುದುಕನೊಬ್ಬ ಬಟ್ಟಲ ತಳದ ಸೂಪು
ಸೊರ್ರನೆ ಎಳೆದುಕೊಂಡ ಹಾಗೆ.
ಆಮೇಲೆ ಏನೂ ಇಲ್ಲ.

ತಳದಲ್ಲಿ ಸಿಕ್ಕಿದ್ದು:
ಹನ್ನೊಂದು ಹೇರ್‌ಪಿನ್ನು, ಒಂಟಿ ಕಿವಿಯೋಲೆ,
ಯಾರದೋ ಹಲ್ಲಿನ ತಂತಿಯ ಚೂರು,
ಮತ್ತೆ, ನಂಬಿದರೆ ನಂಬಿ, ಒಂದು ಮನೆಯ ಬೀಗದ ಕೈ.
ಯಾವ ಮನೆಯದೋ, ಆ ಮನೆ ಈಗ ಇದೆಯೋ ಇಲ್ಲವೋ.
ತಾಮ್ರದ ಗಣಿ ಮುಚ್ಚಿದ ಮೇಲೆ ನಮ್ಮೂರಲ್ಲಿ
ಬಾಗಿಲಿಗಿಂತ ಬೀಗಗಳೇ ಹೆಚ್ಚು.

ನವೆಂಬರಿನಲ್ಲಿ ಊರು ಮತ ಹಾಕಿತು,
ಶಾಲೆಗೆಂದು ಮನೆಗಳ ಮೇಲೆ ಇನ್ನೊಂದಿಷ್ಟು ತೆರಿಗೆ.
ಬೇಕು ಅಂದವರು ಐನೂರ ಎಂಬತ್ತು.
ಬೇಡ ಅಂದವರು ಆರುನೂರ ಹನ್ನೆರಡು.
ಹಿಮದ ಜೊತೆಗೇ ಪಟ್ಟಿ ಬಿತ್ತು:
ಸ್ಕೀ ತಂಡದ ಬಸ್ಸು, ಬ್ಯಾಂಡಿನ ಮೇಷ್ಟ್ರು,
ಹುಡುಗಿಯರ ಸಾಫ್ಟ್‌ಬಾಲು, ಆಮೇಲೆ ನೀರು.
ಫುಟ್‌ಬಾಲು ಉಳಿಯಿತು. ಅದಕ್ಕೆ ಟಿಕೆಟ್ಟಿದೆ. ಅದಕ್ಕೆ ಶುಕ್ರವಾರವಿದೆ.
ಆದರೆ ಆಡುವವನು ಮುನ್ನೂರು ಡಾಲರು ತರಬೇಕು.
ಕಾಲೆಬ್ ಟ್ರೆವಾರೋ, ಎಡಗಡೆ ಗೂಟ ಹೊಡೆದ ಹಾಗೆ ನಿಂತು
ಇಡೀ ಸಾಲನ್ನೇ ತಡೆಯುತ್ತಿದ್ದ ಹುಡುಗ,
ಈಗ ಪೆಟ್ರೋಲ್ ಬಂಕಿನಲ್ಲಿ ಹಾಟ್‌ಡಾಗ್ ಹೊರಳಿಸುತ್ತಾನೆ.
ಶುಕ್ರವಾರ ಅಲ್ಲಿಂದ ಮೈದಾನದ ದೀಪ ಕಾಣುತ್ತದೆ.
ಅವನು ಅತ್ತ ಬೆನ್ನು ಹಾಕಿ ನಿಲ್ಲುತ್ತಾನೆ.

ನಮ್ಮ ಸರೋವರ ನೋಡಲು ಸಮುದ್ರ,
ಜುಲೈನಲ್ಲೂ ಮೂಳೆ ಹುಡುಕುವ ತಣ್ಣೀರು.
ವರ್ಷಕ್ಕೊಬ್ಬರನ್ನಾದರೂ ಕೇಳುತ್ತದೆ.
ಅದಕ್ಕೇ ಕೋಚ್ ಪೆಲ್ಟಿಯೆ ಗುರುವಾರ ಗುರುವಾರ
ಎರಡನೇ ಕ್ಲಾಸಿನ ಮಕ್ಕಳನ್ನು ಸಾಲಾಗಿ ತಂದು
ಒಂದೊಂದನ್ನೇ ಅಂಗಾತ ಮಲಗಿಸುತ್ತಿದ್ದಳು ನೀರ ಮೇಲೆ:
ಬಿಗಿ ಬಿಡು ಮರಿ, ಕಿವಿ ಒಳಗಿರಲಿ,
ನೀರು ಹೊರುತ್ತೆ, ನೀನು ಹೊರಬೇಡ.
ಈ ವರ್ಷದ ಮಕ್ಕಳಿಗೆ ಗುರುವಾರ ಗಣಿತವಿದೆ.

ಟೆಸ್ಸಾ ನೀಮಿ ಬಂದಳು, ಬೂಟಿನ ತುಂಬ ಹಿಮ.
ಇಳಿಯಲಾ, ಮಿಸ್ಟರ್ ಓಯಾಲಾ?
ನಾಲ್ಕನೇ ಸಾಲಿನ ಕಪ್ಪು ಗೆರೆ ಹಿಡಿದು ನಡೆದಳು,
ಗೋಡೆ ಮುಟ್ಟಿದಳು, ತಿರುಗಿದಳು.
ಹದಿನಾರು ಕೈ ಬೀಸಿಗೆ ಸಿಗುತ್ತಿದ್ದ ಗೋಡೆ
ಮೂವತ್ತೊಂದು ಹೆಜ್ಜೆ ದೂರವಿತ್ತು.
ರಾಜ್ಯದ ಸ್ಪರ್ಧೆಗೆ ಒಂದು ಸೆಕೆಂಡು, ಮೇಲೆ ಏಳು ಚೂರು
ಕಡಿಮೆಯಾಗಬೇಕಿತ್ತು ಅವಳಿಗೆ.
ಆ ಒಂದು ಸೆಕೆಂಡನ್ನು ಇನ್ನೆಲ್ಲಿ ಕಳೆಯುತ್ತಾಳೆ?
ಆಳದ ಕಡೆ, ಗೋಡೆಯ ಮೇಲಿನ ೧೨ರ ಕೆಳಗೆ ನಿಂತು
ತಲೆಯೆತ್ತಿ ನನ್ನನ್ನೇ ನೋಡಿದಳು.
ಇಷ್ಟು ಆಳವಿತ್ತಾ ಇದು, ಅಂದಳು.

ಹೇಳಿಬಿಡುತ್ತೇನೆ. ಅವಳಿಗೆ ಹೇಳಲಿಲ್ಲ.
ಆ ಆರುನೂರ ಹನ್ನೆರಡರಲ್ಲಿ ನಾನೂ ಒಬ್ಬ.
ಹೆಂಡತಿಯ ಇನ್ಸುಲಿನ್ ಇತ್ತು, ಸೋರುವ ಛಾವಣಿ ಇತ್ತು,
ಕತ್ತರಿ ಮೇಲಿಂದ ಶುರುವಾಗುತ್ತೆ ಅಂದುಕೊಂಡಿದ್ದೆ,
ಆಫೀಸಿನ ಹೊಸ ಕಾರ್ಪೆಟ್ಟು, ಯಾವನೋ ಒಬ್ಬ ಉಪಾಧಿಕಾರಿ.
ಕತ್ತರಿ ಹಿಡಿದವನಿಗೆ ಬಗ್ಗುವುದು ಸುಲಭ,
ಎಟುಕಿಸುವುದು ಕಷ್ಟ. ನನಗೆ ಗೊತ್ತಿರಬೇಕಿತ್ತು.

ನೀರು ಮತ್ತೆ ಯಾವಾಗ ಬಿಡ್ತೀರಿ?
ತುಂಬೋಕೆ ನಾಲ್ಕು ದಿನ ಸಾಕು, ಅಂದೆ.
ಅವಳು ಕೇಳಿದ್ದು ಅದನ್ನಲ್ಲ.

ಮೋಟು ಏಣಿ ಬಿಟ್ಟು, ಆಳವಿಲ್ಲದ ಕಡೆಯ ಅಂಚಿಗೆ ಬಂದು
ಎಂದಿನಂತೆ ಎರಡೂ ಮೊಣಕೈ ಊರಿ ಎದ್ದಳು.
ಏಳಲಾಗಲಿಲ್ಲ.
ನೀರಿಲ್ಲದೆ ಮೈ ಎಷ್ಟು ಭಾರ ಅಂತ
ನಕ್ಕಳು, ಹದಿನೇಳು ವರ್ಷದ ಹುಡುಗಿ.
ನಾನು ಬಗ್ಗಿದೆ.
ಕೈ ಕೊಟ್ಟೆ.