ನೈಸು, ತರಿ

ಒಂಬತ್ತನೇ ಕ್ಲಾಸಿನ ಅರವತ್ಮೂರು ಪುಸ್ತಕ ಮೇಜಿನ ಮೇಲೆ.
ಎಲ್ಲದರಲ್ಲೂ ಅದೇ ಪದ.
ಹವೆ ನೈಸು, ಜೋಗ ನೈಸು, ಅತ್ತಿಗೆಯ ಸೀರೆ ನೈಸು,
ಹೆಡ್ಮಾಸ್ತರರ ಭಾಷಣವೂ ನೈಸೇ.

ಇಪ್ಪತ್ತಾರು ವರ್ಷದಿಂದ ಕೆಂಪು ಪೆನ್ನಲ್ಲಿ ಸುತ್ತು ಹಾಕುತ್ತಿದ್ದೇನೆ.
ಬೋರ್ಡಿನ ಮೇಲೆ ಬರೆಸುತ್ತೇನೆ:
ಹವೆಯಾದರೆ ಪ್ಲೆಸೆಂಟ್, ಊಟವಾದರೆ ಡೆಲಿಷಸ್,
ಮನುಷ್ಯನಾದರೆ ಕೈಂಡ್, ಜೆಂಟಲ್, ಜೆನರಸ್.
ನೈಸ್ ಅನ್ನುವುದು ಸೋಮಾರಿಗಳ ಮಾತು ಮಕ್ಕಳೇ,
ಎಲ್ಲರ ಮನೆಗೂ ಹೋಗಿ ಯಾರ ಮನೆಯಲ್ಲೂ ಉಣ್ಣದ ನೆಂಟ.

ರಂಜಿತಾ ಎಚ್., ರೋಲ್ ನಂಬರ್ ನಲವತ್ತೊಂದು.
ಅಪ್ಪನ ಬಗ್ಗೆ ಐದೇ ಸಾಲು. ಕೊನೆಯದು:
ಮೈ ಫಾದರ್ ವಾಸ್ ನೈಸ್ ಮ್ಯಾನ್.
'ಎ' ಬಿಟ್ಟಿದ್ದಳು, ತೂರಿಸಿದೆ.
ನೈಸ್‌ಗೆ ಸುತ್ತು. ಅಂಚಿನಲ್ಲಿ: ಸ್ಪಷ್ಟವಿಲ್ಲ, ಬೇರೆ ಪದ ಹುಡುಕು.
ವಾಸ್ ಹೊಡೆದು ಈಸ್ ಮಾಡಿದೆ.
ಕಾಲದ ತಪ್ಪು ಅಂದುಕೊಂಡೆ.

ಸೊರಬ ರಸ್ತೆಯಲ್ಲಿ ಹುಚ್ಚಪ್ಪನ ಗಿರಣಿ.
ಹುಬ್ಬಿನ ಮೇಲೂ ಹಿಟ್ಟು. ಬೆಲ್ಟಿನ ಸದ್ದಿಗಿಂತ ಎತ್ತರದಲ್ಲಿ
ಎಲ್ಲರಿಗೂ ಒಂದೇ ಪ್ರಶ್ನೆ:
"ನೈಸಾ, ತರಿನಾ?"
ರೊಟ್ಟಿಗೆ ನೈಸು. ಕಡುಬಿಗೆ ತರಿ.
ಹೆಬ್ಬೆರಳು ತೋರುಬೆರಳ ನಡುವೆ ಒಂದು ಚಿಟಿಕೆ ಉಜ್ಜಿ,
ಕಣ್ಣು ಮುಚ್ಚಿ, ತಿರುಪನ್ನು ಕೂದಲೆಳೆಯಷ್ಟು ತಿರುವಿ,
"ಈಗ ನೈಸಾತು ನೋಡಿ."
ಒಮ್ಮೆ ಕಲ್ಲು ಬಿಚ್ಚಿ ಉಳಿ ಹಿಡಿದು ಕೂತಿದ್ದ.
"ಕಲ್ಲೇ ನೈಸಾಗಿಬಿಟ್ರೆ ಹಿಟ್ಟು ನೈಸಾಗಲ್ಲ ಟೀಚರೇ,
ಆಗಾಗ ಕುಟ್ಟಿ ಒರಟು ಮಾಡ್ತಿರ್ಬೇಕು."
ನಾನು ಎರಡು ಕೆಜಿಗೆ ಎಷ್ಟಾಯಿತು ಅಂತ ಕೇಳಿದ್ದೆ.

ಬೇಸಿಗೆ ರಜೆ ಕಳೆದು ಮೊದಲ ಸಲ, ಈ ಶನಿವಾರ, ಹೋದೆ.
ಸ್ವಿಚ್ಚಿನ ಹತ್ತಿರ ಅವನ ಹೆಂಡತಿ.
ತಕ್ಕಡಿಯ ಹತ್ತಿರ, ಯೂನಿಫಾರಂ ಮೇಲೆ ಟವೆಲು ಸುತ್ತಿಕೊಂಡು,
ರೋಲ್ ನಂಬರ್ ನಲವತ್ತೊಂದು.
ಗೋಡೆಯ ಫೋಟೋಕ್ಕೆ ಹಾರ. ಗಾಜಿನ ಮೇಲೆ ಹಿಟ್ಟು ಕೂತು
ಅವನ ಹುಬ್ಬು ಮೊದಲಿನಷ್ಟೇ ಬೆಳ್ಳಗೆ.
ಹುಡುಗಿ ನನ್ನ ಡಬ್ಬಿ ತೆಗೆದುಕೊಂಡಳು. "ನೈಸಾ ಮಿಸ್?"
ಹೌದು ಅಂದೆನೋ ಇಲ್ಲವೋ.

ನಮ್ಮ ಸಾಗರದಲ್ಲಿ ಆ ಪದಕ್ಕೆ ಕೆಲಸವೇನು ಕಮ್ಮಿಯೇ?
ಗುಡಿಗಾರರ ಕೈಯಲ್ಲಿ ಮರಳುಕಾಗದ ತಿಕ್ಕಿಸಿಕೊಂಡು
ಗಂಧದ ಆನೆ ನೈಸು.
ಕೊಟ್ಟ ಸಾಲ ಕೇಳಿದರೆ ನೈಸಾಗಿ ಜಾರಿಕೊಳ್ಳುವ ಭಾವ.
ಇನ್‌ಸ್ಪೆಕ್ಟರ್ ಬಂದ ದಿನ ನೈಸ್ ಮಾಡುವ ಹೆಡ್ಮಾಸ್ತರು.

ರಾತ್ರಿ ದಪ್ಪ ಡಿಕ್ಷನರಿ ಇಳಿಸಿದೆ.
ಲ್ಯಾಟಿನ್ನಿನಲ್ಲಿ ಅದರ ಮೂಲ: ಅರಿಯದವ.
ಫ್ರೆಂಚರ ಬಾಯಲ್ಲಿ: ಪೆದ್ದ.
ಇಂಗ್ಲಿಷಿಗೆ ಬಂದು ನಾಚುವವ, ಆಮೇಲೆ ನಾಜೂಕಿನವ,
ಎಳೆಯಷ್ಟು ವ್ಯತ್ಯಾಸವನ್ನೂ ಬೆರಳಲ್ಲಿ ಹಿಡಿಯುವವ,
ಏಳು ಶತಮಾನ ಕಲ್ಲುಗಳ ನಡುವೆ ಸಿಕ್ಕಿ
ಕಡೆಗೆ ಬರೀ ಒಳ್ಳೆಯವ.
ಹುಚ್ಚಪ್ಪ ಎಂದು ಹೆಸರಿಟ್ಟ ಅವನ ಅವ್ವನಿಗೆ
ಲ್ಯಾಟಿನ್ ಬರುತ್ತಿರಲಿಲ್ಲ.

ಬೇರೆ ಪದ ನಾನೇ ಹುಡುಕಿದೆ.
ನುಣುಪು: ಜಾರುತ್ತದೆ. ನಯ: ಹಿಂದೆಯೇ ವಿನಯ ಬಂದು ಕೂರುತ್ತದೆ.
ಸಣ್ಣ ಅನ್ನಲಾರೆ.
ಲಾಯ್ಕು? ಅದು ತೀರ್ಥಹಳ್ಳಿಯ ಅತ್ತೆ ಉಪ್ಪಿನಕಾಯಿಗೆ ಹೇಳುವ ಮಾತು.

ಕೆಂಪು ಶಾಯಿಯನ್ನು ಬ್ಲೇಡಿನಲ್ಲಿ ಕೆರೆದೆ.
ಈಸ್ ಹೋಯಿತು. ವಾಸ್ ಕೂಡ ಅರ್ಧ ಹೋಯಿತು.
ಕಾಗದ ತರಿತರಿಯಾಯಿತು.

ಸೋಮವಾರ ಪುಸ್ತಕ ತೆರೆದು, ಆ ಜಾಗವನ್ನು
ಹೆಬ್ಬೆರಳಲ್ಲಿ ಒಮ್ಮೆ ಉಜ್ಜಿ ನೋಡಿದಳು, ಅವನ ಹಾಗೆಯೇ.
"ಮಿಸ್, 'ಎ' ಅಂದ್ರೆ ಯಾರೋ ಒಬ್ಬ ಅಂತ ಅಲ್ವಾ?
ಇಲ್ಲಿ ಬೇಕೇ ಬೇಕಾ?"

ವ್ಯಾಕರಣಕ್ಕೆ ಬೇಕಮ್ಮ, ಅಂದೆ.